2⁶⁷ − 1 ‘ಅವಿಭಾಜ್ಯ’ವಾದ ದಿನ

ಬೆಳಿಗ್ಗೆ ಅಪವರ್ತನಗಳ ಡೇಟಾಬೇಸ್ ತೆರೆದರೆ 2⁶⁷ − 1ರ ಎದುರು ‘ಬಹುಶಃ ಅವಿಭಾಜ್ಯ’ ಎಂಬ ಹಸಿರು ಗುರುತು. ಬೇರೆ ಸಂಖ್ಯೆಯಾಗಿದ್ದರೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಇದನ್ನಾದರೋ ಗಣಿತಜ್ಞ ಫ್ರಾಂಕ್ ನೆಲ್ಸನ್ ಕೋಲ್ 1903ರ ಅಕ್ಟೋಬರಿನಲ್ಲೇ ನ್ಯೂಯಾರ್ಕಿನ ಸಭೆಯೊಂದರಲ್ಲಿ ಒಡೆದು ತೋರಿಸಿದ್ದರು: 193707721 × 761838257287.

ಸರ್ವರ್ ಕೆಟ್ಟಿರಲಿಲ್ಲ, ಡಿಸ್ಕೂ ತುಂಬಿರಲಿಲ್ಲ. ವೇಗಕ್ಕೆಂದು ಹಿಂದಿನ ರಾತ್ರಿ ಬದಲಿಸಿದ ಸ್ಕ್ರಿಪ್ಟ್ ಸಂಖ್ಯೆ ಅವಿಭಾಜ್ಯವೇ ಎಂದು ಅಂದಾಜಿಸುವ ಮಿಲ್ಲರ್–ರಾಬಿನ್ ಪರೀಕ್ಷೆಯನ್ನು ಆಧಾರ 2ರಲ್ಲಿ (ಅಂದರೆ 2ರ ಘಾತಗಳ ಶೇಷ ನೋಡಿ) ಒಂದೇ ಸಲ ಓಡಿಸುತ್ತಿತ್ತು. ಅಪವರ್ತನಗಳ ಕೋಷ್ಟಕದತ್ತ ತಿರುಗಿಯೂ ನೋಡದೆ ಸ್ಥಿತಿಯ ಕಾಲಂ ಮೇಲೆ ನೇರ ಬರೆಯುತ್ತಿತ್ತು. ಸಾಮಾನ್ಯ ದೊಡ್ಡ ಸಂಖ್ಯೆಗೆ ಆ ಪರೀಕ್ಷೆ ಹೇಗೋ ನಡೆದೀತು. 2ರ ಅವಿಭಾಜ್ಯ ಘಾತದಲ್ಲಿ 1 ಕಳೆದ ಮರ್ಸೆನ್ ಸಂಖ್ಯೆಗಳ ಮಟ್ಟಿಗೆ ಆಧಾರ 2 ಪೂರ್ತಿ ಕುರುಡು. 2⁶⁷ ಅನ್ನು 2⁶⁷ − 1ರಿಂದ ಭಾಗಿಸಿದರೆ ಶೇಷ 1. ಪರೀಕ್ಷೆ ಕೇಳುವ ಘಾತವೋ, ಸಂಖ್ಯೆಯಲ್ಲಿ ಒಂದು ಕಳೆದು ಅರ್ಧ ಮಾಡಿದ್ದು, ಅಂದರೆ 2⁶⁶ − 1. ಫರ್ಮಾನ ಕಿರು ಪ್ರಮೇಯದ ಪ್ರಕಾರ ಅದು 67ರ ಗುಣಕ. ಹಾಗಾಗಿ ಉತ್ತರ ಯಾವಾಗಲೂ 1. ಸಂಖ್ಯೆ ಒಡೆಯಲಿ, ಬಿಡಲಿ, ಪಾಸು. 2047 (23 × 89) ಕೂಡ ಹೀಗೇ ನುಸುಳುತ್ತದೆ. ಮರ್ಸೆನ್ ಅವಿಭಾಜ್ಯಗಳನ್ನು ಹುಡುಕುವ ಜಿಂಪ್ಸ್ ಯೋಜನೆ ಆಧಾರ 3 ಬಳಸುವುದು ಸುಮ್ಮನೆ ಅಲ್ಲ.

ಒಂದು ಸಾಲು ತಿದ್ದಿದರೆ ಮುಗಿಯುವ ಕೆಲಸವಲ್ಲ ಇದು. 2¹³⁴ − 1ಕ್ಕೆ 2⁶⁷ − 1 ಒಂದು ಅಪವರ್ತನ. ಮಗುವಿಗೆ ಹಸಿರು ಬಿದ್ದರೆ ತಾಯಿಗೆ ‘ಪೂರ್ತಿ ಒಡೆದಿದೆ’ ಎಂದು ತಾನಾಗಿ ಬೀಳುತ್ತದೆ. ಹಾಗೆ ಬಿದ್ದ ಸಂಖ್ಯೆ ಇಸಿಎಂ (ದೀರ್ಘವೃತ್ತೀಯ ವಕ್ರರೇಖೆಗಳಿಂದ ಅಪವರ್ತನ ಹುಡುಕುವ ವಿಧಾನ) ಸರದಿಯಿಂದಲೂ ಹೊರಬೀಳುತ್ತದೆ. 35 ಅಂಕಿಯ ಅಪವರ್ತನ ಹುಡುಕಲು ಹುಡುಕಾಟದ ಬಿ1 ಮಿತಿ 10 ಲಕ್ಷ ಇಟ್ಟು 904 ವಕ್ರರೇಖೆ ಓಡಿಸಲು ಕಾದಿರುವವರಿಗೆ ಅದು ಕಾಣುವುದೇ ಇಲ್ಲ. ನಮ್ಮ ಲೆಕ್ಕದಲ್ಲಿ ಗುರುತೇ ಇಲ್ಲದ ಸಂಖ್ಯೆಗಿಂತ ಇದು ಹೆಚ್ಚು ಅಪಾಯದ್ದು.

ಮೊದಲು ಸರದಿ ನಿಲ್ಲಿಸಿ ಬ್ಯಾಕಪ್. ಆಮೇಲೆ ಹೊಸ ಸ್ಕ್ರಿಪ್ಟ್ ಮುಟ್ಟಿದ ಸಾಲುಗಳನ್ನೆಲ್ಲ ‘ತಿಳಿಯದು’ ಸ್ಥಿತಿಗೆ ತರಬೇಕು. ‘ಸಂಯುಕ್ತ’ (ಅವಿಭಾಜ್ಯವಲ್ಲ) ಎಂದು ಹಾಕಿದರೆ ಅದೂ ಪುರಾವೆಯಿಲ್ಲದ ಮಾತೇ. ಮರುಪರೀಕ್ಷೆಗೆ ಗಣಿತ ತಂತ್ರಾಂಶ ಪಾರಿ/ಜಿಪಿಯ ಬಿಪಿಎಸ್‌ಡಬ್ಲ್ಯು ಪರೀಕ್ಷೆ ಸಾಕು: ಆಧಾರ 2ರ ಜೊತೆ ಬೇರೆ ಬಗೆಯ ಲ್ಯೂಕಾ ಪರೀಕ್ಷೆಯೂ ಸೇರುತ್ತದೆ, ಅದನ್ನು ದಾಟಿದ ಸಂಯುಕ್ತ ಸಂಖ್ಯೆ ಇವತ್ತಿನವರೆಗೆ ಒಂದೂ ಸಿಕ್ಕಿಲ್ಲ. ಚಿಕ್ಕ ಸಂಖ್ಯೆಯಿಂದ ದೊಡ್ಡದಕ್ಕೆ ಹೋಗಬೇಕು. ಉಲ್ಟಾ ಹೋದರೆ ತಾಯಿ ಹಳೆಯ ತಪ್ಪನ್ನೇ ಮತ್ತೆ ಎತ್ತಿಕೊಳ್ಳುತ್ತಾಳೆ. ಪ್ರತಿ ಸಾಲಿನಲ್ಲೂ ಅಪವರ್ತನಗಳ ಗುಣಲಬ್ಧ ಮೂಲ ಸಂಖ್ಯೆಗೆ ಕೂಡಿಬರಬೇಕು. 2⁶⁷ − 1ಕ್ಕೆ ಇನ್ನೂ ಅಗ್ಗದ ತಾಳೆಯಿದೆ: ಅಪವರ್ತನದಲ್ಲಿ 1 ಕಳೆದದ್ದು 67ರ ಎರಡರಷ್ಟಾದ 134ರಿಂದ ಭಾಗವಾಗಬೇಕು. 193707720 = 134 × 1445580. ಸರಿ.

ಈ ತಾಳೆ ನೋಡುವಾಗಲೇ ಇನ್ನೊಂದು ಹುಳುಕು ಸಿಕ್ಕಿತು. 147573952589676412927 ಎಂದಿರಬೇಕಾದ ಸಂಖ್ಯೆ ರಫ್ತಾದ ಫೈಲಿನಲ್ಲಿ 147573952589676410000 ಆಗಿತ್ತು. ಜಾವಾಸ್ಕ್ರಿಪ್ಟಿನ ಸಾಮಾನ್ಯ ಸಂಖ್ಯೆಗೆ 2⁵³ ದಾಟಿದ ಮೇಲೆ ಎಲ್ಲ ಪೂರ್ಣಾಂಕಗಳನ್ನೂ ಹಿಡಿದಿಡಲು ಆಗುವುದಿಲ್ಲ. ಸಂಖ್ಯೆಯನ್ನು ಉದ್ಧರಣ ಚಿಹ್ನೆಯೊಳಗೆ, ಅಕ್ಷರಮಾಲೆಯಾಗಿ ಕಳಿಸಿದ್ದರಿಂದ ಅದು ಸರಿಹೋಯಿತು.

ಈಗ ಸ್ಕ್ರಿಪ್ಟ್ ಶುರುವಾಗುವ ಮುನ್ನ 2047, 8388607, 4294967297, 3215031751 ಮತ್ತು 2⁶⁷ − 1 ಎಂಬ ಐದು ಸಂಯುಕ್ತ ಸಂಖ್ಯೆಗಳು ಒಮ್ಮೆ ಓಡುತ್ತವೆ. ನಾಲ್ಕನೆಯ 3215031751 ಕಿಲಾಡಿ: 2, 3, 5, 7 ನಾಲ್ಕೂ ಆಧಾರಗಳಿಗೆ ಟೋಪಿ ಹಾಕುತ್ತದೆ. ಈ ಐದರಲ್ಲಿ ಒಂದಕ್ಕೆ ಹಸಿರು ಬಿದ್ದರೂ ಸರದಿ ತೆರೆಯುವುದಿಲ್ಲ.