ಚೌಬಾರದಿಂದ ಝೀರಾದವರೆಗೆ: ಬೀದರ್‌ನ ಕೇರಿಗಳಲ್ಲಿ ಒಂದು ದಿನ

ಬೀದರ್‌ಗೆ ಬಂದವರು ಸೀದಾ ಕೋಟೆಗೆ ಹೋಗಿ, ಅಷ್ಟೂರಿನ ಗುಂಬಜ್‌ಗಳ ಮುಂದೆ ಫೋಟೊ ತೆಗೆಸಿಕೊಂಡು, ಊರು ನೋಡಾಯ್ತು ಅಂತ ಹೊರಟುಬಿಡುತ್ತಾರೆ. ಕೋಟೆ ಎಲ್ಲೂ ಓಡಿಹೋಗುವುದಿಲ್ಲ. ಕೈಯಲ್ಲಿ ಒಂದೇ ದಿನ ಇದ್ದರೆ ಅದನ್ನು ಹಳೆ ಊರಿನ ಗಲ್ಲಿಗಳಿಗೇ ಕೊಡಬೇಕು. ಅದರಲ್ಲೂ ಶುಕ್ರವಾರ ಬೇಡ. ಮಧ್ಯಾಹ್ನ ಜುಮ್ಮಾ ನಮಾಜಿಗೆ ಅಂಗಡಿಗಳ ಶಟರ್ ಇಳಿಯುತ್ತದೆ, ಕೆಲಸ ನೋಡಬೇಕಾದ ಹೊತ್ತಿಗೆ ಕೆಲಸಗಾರರೇ ಇರುವುದಿಲ್ಲ.

ಬೆಳಿಗ್ಗೆ ಎಂಟರೊಳಗೆ ಚೌಬಾರದ ಬುಡದಲ್ಲಿರಿ. ನಾಲ್ಕು ರಸ್ತೆ ಕೂಡುವ ಕಡೆ ನಿಂತಿರುವ ಈ ದುಂಡು ಬುರುಜು ಸುಮಾರು 71 ಅಡಿ ಎತ್ತರವಿದೆ. ಹಿಂದೆ ಕಾವಲಿನವರು ಇದರ ಮೇಲಿಂದ ಸುತ್ತಲ ಬಯಲಿನ ಮೇಲೆ ಕಣ್ಣಿಡುತ್ತಿದ್ದರು. ಗಲ್ಲಿಯಲ್ಲಿ ದಾರಿ ತಪ್ಪಿದವರು ಈಗ ತಲೆ ಎತ್ತಿ ಇದನ್ನೇ ಹುಡುಕುತ್ತಾರೆ. ಹಳೆ ಊರು ನಾಲ್ಕು ತಾಲೀಮುಗಳಾಗಿ, ಅಂದರೆ ಗರಡಿಯ ಹೆಸರಿನ ಕೇರಿಗಳಾಗಿ, ಹಂಚಿಹೋಗಿತ್ತು: ಸಿದ್ದಿಕ್ ಶಾ, ನೂರ್ ಖಾನ್, ಮನಿಯಾರ್, ಪನ್ಸಾಲ್. ಒಂದೊಂದು ಕೇರಿಗೂ ಒಂದೊಂದು ಗರಡಿ. ಆಟೊದವರಿಗೆ ಹೇಳುವಾಗ ಈ ತಾಲೀಮಿನ ಹೆಸರು, ಇಲ್ಲವೆ ಶಾಹಗಂಜ್, ಫತೇ, ಮಂಗಲಪೇಟ್ ಅನ್ನುವ ದರ್ವಾಜಾಗಳ ಹೆಸರು ಹೇಳಿ. ಮೇನು, ಕ್ರಾಸು ಎಂದರೆ ಅವರೂ ತಿರುಗಾಡಿ ನಿಮ್ಮನ್ನೂ ತಿರುಗಾಡಿಸುತ್ತಾರೆ.

ಇಲ್ಲಿನ ಹೋಟೆಲುಗಳ ಇರಾನಿ ಚಹಾದಲ್ಲಿ ಡಿಕಾಕ್ಷನ್ ಬೇರೆ ಕುದಿಯುತ್ತದೆ, ಗಟ್ಟಿ ಹಾಲು ಬೇರೆ ಕುದಿಯುತ್ತದೆ, ಎರಡೂ ಸೇರುವುದು ಕಪ್ಪಿನಲ್ಲೇ. ಸಕ್ಕರೆ ಸಾಮಾನ್ಯವಾಗಿ ಮೊದಲೇ ಬಿದ್ದಿರುವುದರಿಂದ ‘ಸಕ್ಕರಿ ಕಡಿಮಿ ಹಾಕ್ರಿ’ ಅಂದರೆ ಬಹಳ ಉಪಯೋಗವಿಲ್ಲ. ಜೊತೆಗೆ ಉಪ್ಪು-ಸಿಹಿಯ ಉಸ್ಮಾನಿಯಾ ಬಿಸ್ಕತ್ತು. ಭಾಷೆಯ ಸಂಕೋಚವೂ ಬೇಡ. ಒಂದೇ ಮೇಜಿನ ಸುತ್ತ ಕನ್ನಡ, ದಖನಿ, ಮರಾಠಿ, ತೆಲುಗು ನಾಲ್ಕೂ ಓಡಾಡುತ್ತವೆ. ವಯಸ್ಸಾದವರಿಗೆ ‘ಚಾಚಾ’ ಅಂದರೂ ನಡೆಯುತ್ತದೆ, ‘ಕಾಕಾ’ ಅಂದರೂ ನಡೆಯುತ್ತದೆ. ‘ರೀ’ ಮಾತ್ರ ಬಿಡಬೇಡಿ.

ಚೌಬಾರದಿಂದ ಕೋಟೆಯ ಕಡೆ ನಡೆದರೆ ಮಹಮೂದ್ ಗವಾನನ ಮದರಸಾ ಸಿಗುತ್ತದೆ. ಇರಾನಿನ ಗಿಲಾನ್‌ನಿಂದ ಬಂದು ಬಹಮನಿಗಳ ಮಂತ್ರಿಯಾದವನು 1472ರಲ್ಲಿ ಕಟ್ಟಿಸಿದ್ದು. ಅವನನ್ನು ಸುಲ್ತಾನನೇ 1481ರಲ್ಲಿ ಕೊಲ್ಲಿಸಿದ. ಮುಂಭಾಗದ ಎರಡು ಮಿನಾರುಗಳಲ್ಲಿ ಉಳಿದಿರುವುದು ಒಂದೇ. ನೀಲಿ, ಹಸಿರು ಹೆಂಚಿನ ತುಣುಕುಗಳನ್ನು ನೋಡುವುದಿದ್ದರೆ ಪೂರ್ವ ಮುಖಕ್ಕೆ ಬಿಸಿಲು ಬೀಳುವ ಬೆಳಗಿನಲ್ಲೇ ನೋಡಿಬಿಡಬೇಕು. ಅರ್ಧ ಗಂಟೆ ಸಾಕು.

ಹತ್ತೂವರೆ ಹೊತ್ತಿಗೆ ಬಿದರಿಯವರ, ಅಂದರೆ ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸುವ ಕುಶಲಕರ್ಮಿಗಳ ಗಲ್ಲಿ. ದಿನದ ದೊಡ್ಡ ಪಾಲು ಇಲ್ಲೇ ಕಳೆಯಬೇಕು, ಅವಸರ ಮಾಡಿದವರಿಗೆ ಇಲ್ಲಿ ಕಪ್ಪು ಹೂದಾನಿ ಬಿಟ್ಟು ಬೇರೇನೂ ಕಾಣುವುದಿಲ್ಲ. ಅಂಗಡಿಯ ಗಾಜಿನ ಕಪಾಟಿಗಿಂತ ಹಿಂದಿನ ಕೋಣೆ ಮುಖ್ಯ. ‘ಕೆಲಸ ನೋಡಬಹುದಾ?’ ಎಂದು ಕೇಳಿದರೆ ಸಾಮಾನ್ಯವಾಗಿ ಒಳಗೆ ಕರೆಯುತ್ತಾರೆ. ಚಪ್ಪಲಿ ಹೊರಗೆ ಬಿಡಿ. ಉಳಿಯ ಮುಂದೆ ಕೂತವರನ್ನು ಮಾತಾಡಿಸಬೇಡಿ, ಗೆರೆ ತಪ್ಪಿದರೆ ಅಳಿಸಲು ಬರುವುದಿಲ್ಲ.

ಬಿದರಿಯ ಮೈ ಬಹುಪಾಲು ಸತು. ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ ಅನ್ನುವುದು ರೂಢಿಯ ಅಳತೆ. ಹರಳೆಣ್ಣೆ, ರಾಳ ಬೆರೆಸಿದ ಮಣ್ಣಿನ ಅಚ್ಚಿನಲ್ಲಿ ಕರಗಿದ ಲೋಹ ಹೊಯ್ಯುತ್ತಾರೆ. ಅಚ್ಚಿನಿಂದ ತೆಗೆದಾಗ ಅದು ಮಂಕು ಬೂದು ಬಣ್ಣದ ಒರಟು ವಸ್ತು. ಅರ ಹಾಕಿ, ಉಪ್ಪುಕಾಗದ ಉಜ್ಜಿ ನಯ ಮಾಡಿದ ಮೇಲೆ ಮೈಲುತುತ್ತದ ನೀರು ಸವರುತ್ತಾರೆ. ಅದರಿಂದ ಬರುವ ಕಪ್ಪು ತಾತ್ಕಾಲಿಕ, ಗೀಚಿದ ಚಿತ್ರ ಕಣ್ಣಿಗೆ ಬೀಳಲಿ ಅಂತ ಅಷ್ಟೇ. ಹೊಸಬರು ಇದನ್ನೇ ಬಿದರಿಯ ಕಪ್ಪು ಅಂದುಕೊಳ್ಳುವುದುಂಟು.

ಆಮೇಲೆ ವಸ್ತುವನ್ನು ಅರಗಿನ ಮೇಲೆ ಅಲ್ಲಾಡದಂತೆ ಕೂರಿಸಿ, ಸಣ್ಣ ಉಳಿಗಳಿಂದ ಗೆರೆ ಕೊರೆಯುತ್ತಾರೆ. ಗುಣ ನಿಂತಿರುವುದು ಈ ಗೆರೆಯ ಆಳದ ಮೇಲೆ. ಆಳ ಸಾಲದಿದ್ದರೆ ಬೆಳ್ಳಿ ಕೆಲವು ವರ್ಷಗಳಲ್ಲಿ ಎದ್ದುಬರುತ್ತದೆ. ಹೆಚ್ಚಾದರೆ ಬೆಳ್ಳಿ ಹೆಚ್ಚು ತಿನ್ನುತ್ತದೆ, ಬೆಲೆಯೂ ಏರುತ್ತದೆ. ಕೊರೆದ ಗೆರೆಯಲ್ಲಿ ಶುದ್ಧ ಬೆಳ್ಳಿಯ ತಂತಿ ಇಟ್ಟು ಚಿಕ್ಕ ಸುತ್ತಿಗೆಯಿಂದ ಬಡಿದು ಕೂರಿಸುತ್ತಾರೆ. ತಂತಿಯದು ತಾರಕಶಿ ಕೆಲಸ. ತಗಡು ಕತ್ತರಿಸಿ ಹೂವು, ಎಲೆ ಕೂರಿಸುವುದು ಬೇರೆ ಕೈಯ ಕೆಲಸ. ಮತ್ತೆ ಉಜ್ಜಿದಾಗ ಬೆಳ್ಳಿಯೂ ಸತುವೂ ಒಂದೇ ಬಣ್ಣಕ್ಕೆ ಬರುತ್ತವೆ, ಚಿತ್ರ ಮಾಯ.

ಕೊನೆಯದು ಮಣ್ಣಿನ ಕೆಲಸ. ಹಳೆಯ ಕೋಟೆಯೊಳಗೆ ಮಳೆ-ಬಿಸಿಲು ತಾಗದ ಜಾಗದ ಮಣ್ಣನ್ನು ನವಸಾಗರದ (ಅಮೋನಿಯಂ ಕ್ಲೋರೈಡ್) ಜೊತೆ ನೀರಿನಲ್ಲಿ ಕಲಸಿ, ಸಣ್ಣಗೆ ಬಿಸಿ ಮಾಡಿದ ವಸ್ತುವಿಗೆ ಉಜ್ಜುತ್ತಾರೆ. ಸತು ಕಡುಗಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ, ಮಾಯವಾದ ಚಿತ್ರ ಕೆಲವೇ ನಿಮಿಷಗಳಲ್ಲಿ ಮೇಲೇಳುತ್ತದೆ. ನೋಡಲೇಬೇಕಾದ ಗಳಿಗೆ ಇದು. ಆದರೆ ದಿನವೂ ಇರುವುದಿಲ್ಲ, ಹಲವು ವಸ್ತು ಕೂಡಿದ ಮೇಲೆ ಒಟ್ಟಿಗೆ ಮಾಡುತ್ತಾರೆ. ಅದಕ್ಕೇ ಒಳಗೆ ಹೋದ ಕೂಡಲೇ ‘ಇವತ್ತು ಕಪ್ಪು ಮಾಡ್ತೀರೇನ್ರಿ?’ ಎಂದು ಕೇಳಿಡಬೇಕು. ಮಣ್ಣು ಸರಿಯಿಲ್ಲದಿದ್ದರೆ ಕಪ್ಪು ಬೂದಿಗೆ ತಿರುಗುತ್ತದೆ. ನುರಿತವರು ಚಿಟಿಕೆ ಮಣ್ಣು ನಾಲಿಗೆಗೆ ಹಚ್ಚಿ ರುಚಿಯಿಂದಲೇ ಹೇಳುತ್ತಾರೆ. ನೀವು ಪ್ರಯತ್ನಿಸುವುದು ಬೇಡ. ಇದೇ ಊರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದದ್ದು ಈ ಕೆಲಸಕ್ಕೆ.

ಕೊಳ್ಳುವವರು ಮೊದಲು ಕೈಯಲ್ಲಿ ತೂಗಿ ನೋಡಬೇಕು. ಸತು ಭಾರ. ಹಗುರವಾಗಿದ್ದರೆ ಕಪ್ಪು ಬಳಿದ ಅಲ್ಯೂಮಿನಿಯಂ ಇರಬಹುದು. ಬೆರಳು ಸವರಿದರೆ ಬೆಳ್ಳಿ ಮೇಲ್ಮೈಗೆ ಸಮವಾಗಿರಬೇಕು, ಬಣ್ಣದ ಗೆರೆಯಂತೆ ಉಬ್ಬಿರಬಾರದು. ಬೆಳ್ಳಿ ಎಷ್ಟು ಹಿಡಿದಿದೆ ಎಂದು ಕೇಳಿ, ಬೆಲೆ ಅದರ ಮೇಲೆ ನಿಲ್ಲುತ್ತದೆ. ಒಂದೇ ಅಳತೆಯ ಎರಡು ಡಬ್ಬಿಗಳ ಬೆಲೆ ಅಜಗಜಾಂತರ ಇದ್ದರೆ ಮೋಸ ಅನ್ನಬೇಡಿ, ಒಂದರಲ್ಲಿ ತಂತಿ ಇರುತ್ತದೆ, ಇನ್ನೊಂದರಲ್ಲಿ ತಗಡು. ಮನೆಯಲ್ಲಿ ಹುಣಸೆಹಣ್ಣು, ನಿಂಬೆ, ಪಾತ್ರೆ ಪುಡಿ ತಾಗಿಸಿದರೆ ಕಪ್ಪು ಹೋಗುತ್ತದೆ. ಒಣ ಬಟ್ಟೆಗೆ ಎರಡು ಹನಿ ಕೊಬ್ಬರಿ ಎಣ್ಣೆ ಹಾಕಿ ಒರೆಸಿದರೆ ಸಾಕು. ಹುಳಿ ತಿನಿಸಂತೂ ಇಡಲೇಬೇಡಿ. ಕಲ್ಲು ನೆಲಕ್ಕೆ ಬಿದ್ದರೆ ಹಿತ್ತಾಳೆಯಂತೆ ತಗ್ಗು ಬೀಳುವುದಿಲ್ಲ, ಸೀಳುತ್ತದೆ.

ಊಟಕ್ಕೆ ಯಾವುದಾದರೂ ಖಾನಾವಳಿಯಲ್ಲಿ ಜೋಳದ ರೊಟ್ಟಿ, ಪುಂಡಿ ಪಲ್ಲೆ, ಶೇಂಗಾ ಹಿಂಡಿ ಆದೀತು. ಇಲ್ಲಿನ ಬಿರಿಯಾನಿಯನ್ನು ಹೈದರಾಬಾದಿನದರ ಜೊತೆ ಹೋಲಿಸಿ ಜಗಳ ತೆಗೆಯುವವರ ಮೇಜಿನಿಂದ ದೂರ ಕೂರುವುದು ಕ್ಷೇಮ. ಮಂಗಲಪೇಟ್ ಕಡೆ ಹೋದರೆ ಮೆಥೋಡಿಸ್ಟ್ ಚರ್ಚಿನ ಕೇರಿ. ಡಿಸೆಂಬರ್ ಬಿಟ್ಟು ಬೇರೆ ತಿಂಗಳಲ್ಲಿ ಹೊರಗಿನವರಿಗೆ ನೋಡುವಂಥದ್ದು ಕಡಿಮೆ.

ಬಿಸಿಲಿಳಿದ ಮೇಲೆ ಆಟೊ ಹಿಡಿದು ನಾನಕ್ ಝೀರಾ ಗುರುದ್ವಾರಕ್ಕೆ ಹೋಗಿ. ಇದು ಹಳೆ ಊರಿನ ಗೋಡೆಯ ಹೊರಗಿದೆ. ಗುರು ನಾನಕರು ದಕ್ಷಿಣಕ್ಕೆ ಬಂದಾಗ ಇಲ್ಲಿ ತಂಗಿದ್ದರು, ನೀರಿಲ್ಲದ ಊರಿಗೆ ಬಂಡೆಯಿಂದ ಚಿಲುಮೆ ಹರಿಸಿದರು ಎಂಬ ನಂಬಿಕೆ. ಗುರುದ್ವಾರದ ಕಟ್ಟಡ 1948ರದು. 1699ರಲ್ಲಿ ಗುರು ಗೋಬಿಂದ್ ಸಿಂಗ್ ಮುಂದೆ ತಲೆ ಕೊಡಲು ಎದ್ದುನಿಂತ, ಸಿಖ್ಖರು ‘ಪಂಜ್ ಪ್ಯಾರೆ’ ಎನ್ನುವ ಐವರಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ಬೀದರಿನವರು. ಬೀದರಿನ ಹೆಸರು ಪಂಜಾಬಿನ ಹಳ್ಳಿಗಳಲ್ಲೂ ಗೊತ್ತಿರುವುದು ಇದರಿಂದ.

ತಲೆಗೆ ಬಟ್ಟೆ ಕಡ್ಡಾಯ, ಕರವಸ್ತ್ರವಾದರೂ ಆದೀತು. ಬೀಡಿ, ಸಿಗರೇಟು, ತಂಬಾಕು ಜೇಬಿನಲ್ಲೂ ಇರಕೂಡದು. ಕಾಲು ತೊಳೆದು ಒಳಗೆ ಹೋಗಿ. ಗೋಧಿ ಹಿಟ್ಟು, ತುಪ್ಪ, ಸಕ್ಕರೆ ಸಮಸಮ ಹಾಕಿ ಮಾಡಿದ ಕಡಾ ಪ್ರಸಾದವನ್ನು ಬೊಗಸೆಯೊಡ್ಡಿ ತೆಗೆದುಕೊಳ್ಳಬೇಕು. ಅಂಗೈಯೆಲ್ಲ ತುಪ್ಪವಾಗುತ್ತದೆ, ಫೋನು ಮೊದಲೇ ಒಳಗಿಡಿ. ಲಂಗರಿನಲ್ಲಿ, ಅಂದರೆ ಗುರುದ್ವಾರದ ಸಾಮೂಹಿಕ ಊಟದಲ್ಲಿ, ನೆಲದ ಮೇಲೆ ಸಾಲಾಗಿ ಕೂರುವುದು, ಯಾರು ಯಾರ ಪಕ್ಕ ಎಂಬ ಲೆಕ್ಕವಿಲ್ಲ. ರೊಟ್ಟಿಯನ್ನು ಎರಡೂ ಕೈ ಚಾಚಿ ಪಡೆಯಬೇಕು. ಬೇಕಾದಷ್ಟು ಸಲ ಬಡಿಸುತ್ತಾರೆ, ಆದ್ದರಿಂದ ಮೊದಲ ಸಲಕ್ಕೇ ತಟ್ಟೆ ತುಂಬಿಸಿಕೊಳ್ಳಬೇಡಿ, ಬಿಡುವಂತಿಲ್ಲ. ದುಡ್ಡು ಕೇಳುವುದಿಲ್ಲ. ಊಟವಾದ ಮೇಲೆ ತಟ್ಟೆ ತೊಳೆಯುವ ಕಡೆ ಕೈ ಹಾಕಲು ಯಾರನ್ನೂ ಕೇಳಬೇಕಿಲ್ಲ, ಅಂಗಿಯ ತೋಳು ಮಡಚಿ ನಿಂತರಾಯಿತು.