"ಆ ಸಿನಿಮಾ ನೋಡಬಹುದಾ?" ಅಂತ ಕೇಳುವವರಿಗೆ

ಸಿನಿಮಾ ಜಾಸ್ತಿ ನೋಡುತ್ತಾಳೆ ಅಂತ ಒಂದು ಸಲ ಹೆಸರು ಬಿದ್ದರೆ ಮುಗಿಯಿತು. ಶುಕ್ರವಾರ ಸಂಜೆಯಿಂದಲೇ ಶುರು. ಆಫೀಸಿನಲ್ಲಿ ಡಬ್ಬಿ ಬಿಚ್ಚುವಾಗ ಕೇಳುತ್ತಾರೆ, ಚಿಕ್ಕಮ್ಮ ಫೋನಿನಲ್ಲಿ ಕೇಳುತ್ತಾರೆ, ಮದುವೆ ಮನೆಯಲ್ಲಿ ಎಲೆ ಮುಂದೆ ಕೂತಾಗಲೂ ಪಕ್ಕದವರು ಕೇಳುತ್ತಾರೆ. "ಅದು ನೋಡಿದ್ಯಾ? ಹೇಗಿದೆ? ನೋಡಬಹುದಾ?" ಅವರಿಗೆ ಬೇಕಿರುವುದು ಹೂಂ ಅಥವಾ ಊಹೂಂ. ನಾನು ಎರಡೂ ಹೇಳುವುದಿಲ್ಲ. "ಯಾರ ಜೊತೆ ನೋಡ್ತೀರಾ? ಥಿಯೇಟರ್‌ನಲ್ಲಾ, ಮನೇಲಾ?" ಅಂತ ತಿರುಗಿ ಕೇಳುತ್ತೇನೆ. "ಸಿನಿಮಾ ಹೇಗಿದೆ ಅಂದ್ರೆ ನೀನು ಪಾಟೀಸವಾಲು ಹಾಕ್ತೀಯಲ್ಲೇ" ಅಂತ ಚಿಕ್ಕಮ್ಮ ರೇಗುತ್ತಾರೆ.

ಹಾಗಂತ ಪ್ರಶ್ನೆ ಸಣ್ಣದಲ್ಲ. ಅದರ ಹಿಂದೆ ದುಡ್ಡಿದೆ. ನಾಲ್ಕು ಜನ ಇರುವ ಮನೆ ಭಾನುವಾರ ಮಾಲ್‌ಗೆ ಹೋದರೆ ಟಿಕೆಟ್ಟು, ಪಾಪ್‌ಕಾರ್ನ್, ಪಾರ್ಕಿಂಗ್ ಸೇರಿ ಕೈ ಸುಟ್ಟುಕೊಂಡೇ ಬರಬೇಕು. 2025ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಟಿಕೆಟ್ಟಿಗೆ ತೆರಿಗೆ ಬಿಟ್ಟು 200 ರೂಪಾಯಿ ಮಿತಿ ಹಾಕಿತು. ಅದೇ ತಿಂಗಳು ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಅಷ್ಟು ಖರ್ಚು ಮಾಡುವ ಮುಂಚೆ ಗೊತ್ತಿರುವ ಒಬ್ಬರನ್ನು ಕೇಳೋಣ ಅನ್ನಿಸುವುದು ಸಹಜ ಅಲ್ವಾ?

ಬೇರೆ ಕಡೆ ಸಿಗುವ ಉತ್ತರಗಳೂ ಅಷ್ಟಕ್ಕಷ್ಟೆ. ಥಿಯೇಟರ್ ಬಾಗಿಲಲ್ಲಿ ಮೈಕ್ ಹಿಡಿದವರ ಮುಂದೆ "ಅಣ್ಣ, ಸೂಪರ್ ಅಣ್ಣ, ಹತ್ತಕ್ಕೆ ಹತ್ತು" ಅಂತ ಕೂಗುವ ಹುಡುಗ ಬೆಳಿಗ್ಗೆ ಆರಕ್ಕೇ ಹಾಲಿನ ಅಭಿಷೇಕ ಮುಗಿಸಿ ಬಂದಿರುತ್ತಾನೆ. ಅವನು ಇನ್ನೇನು ಹೇಳಿಯಾನು? ಇನ್ನೊಂದು ಕಾಯಂ ಉತ್ತರ ಇದೆ: "ಫಸ್ಟ್ ಹಾಫ್ ಚೆನ್ನಾಗಿದೆ, ಸೆಕೆಂಡ್ ಹಾಫ್ ಸ್ವಲ್ಪ ಎಳೆದಿದ್ದಾರೆ." ಇದನ್ನು ಸಿನಿಮಾ ನೋಡದೆಯೂ ಹೇಳಬಹುದು. ಹತ್ತರಲ್ಲಿ ಎಂಟು ಸಲ ಸರಿಯಾಗಿಯೇ ಇರುತ್ತದೆ.

ನಾನು ಮಾಡುವುದು ಇಷ್ಟೇ. ಯಾವ ಜಾಗದಲ್ಲಿ ಸಿನಿಮಾ ನನ್ನನ್ನು ಹಿಡಿದುಕೊಂಡಿತು, ಯಾವ ಜಾಗದಲ್ಲಿ ಕೈ ತಾನಾಗಿ ಮೊಬೈಲ್ ಕಡೆ ಹೋಯಿತು, ಎರಡನ್ನೂ ಹೇಳುತ್ತೇನೆ. ನನ್ನ ಕೈ ಮೊಬೈಲ್ ಕಡೆ ಹೋದ ಜಾಗವೇ ನಿಮಗೆ ಇಷ್ಟವಾಗಬಹುದು. ಅದನ್ನು ತೀರ್ಮಾನ ಮಾಡಬೇಕಾದವರು ನೀವು.

'ಸು ಫ್ರಮ್ ಸೋ' ಬಗ್ಗೆ ಈಗಲೂ ಕೇಳುತ್ತಾರೆ. 2025ರ ಜುಲೈ 25ಕ್ಕೆ ಬಂದ ಸಿನಿಮಾ, ಜೆ.ಪಿ. ತುಮಿನಾಡ್ ನಿರ್ದೇಶನ. ದೊಡ್ಡ ಸ್ಟಾರ್ ಇಲ್ಲ, ಬಾಯಿಂದ ಬಾಯಿಗೆ ಹರಡಿ ಓಡಿತು. ನಾನು ನೋಡಿದ್ದು ತುಂಬಿದ ಥಿಯೇಟರ್‌ನಲ್ಲಿ. ಜನ ಎಷ್ಟು ನಗುತ್ತಿದ್ದರು ಅಂದರೆ ಮುಂದಿನ ಡೈಲಾಗ್ ಅರ್ಧ ಕೇಳಿಸುತ್ತಿರಲಿಲ್ಲ. ಕಥೆ ಹೀಗೆ: ಅಶೋಕ ಅನ್ನುವ ಹುಡುಗ ಒಂದು ಮನೆಯ ಬಚ್ಚಲಿಗೆ ಇಣುಕಲು ಹೋಗಿ ಸಿಕ್ಕಿಬೀಳುತ್ತಾನೆ. ಮರ್ಯಾದೆ ಉಳಿಸಿಕೊಳ್ಳಲು ಮೈಮೇಲೆ ದೆವ್ವ ಬಂದ ಹಾಗೆ ಆಡುತ್ತಾನೆ. ಊರು ನಂಬಿಬಿಡುತ್ತದೆ. ದೆವ್ವಕ್ಕೊಂದು ಹೆಸರೂ ಬರುತ್ತದೆ, ಸೋಮೇಶ್ವರದ ಸುಲೋಚನ. ಊರಿನ ಯಾವ ತಾಪತ್ರಯಕ್ಕೂ ಮುಂದೆ ನಿಲ್ಲುವ ರವಿಯಣ್ಣ ಇದಕ್ಕೂ ಮುಂದೆ ನಿಲ್ಲುತ್ತಾನೆ. ಶನೀಲ್ ಗೌತಮ್ ಮಾಡಿರುವ ಆ ರವಿಯಣ್ಣ ನಮ್ಮ ಪ್ರತಿ ಬೀದಿಯಲ್ಲೂ ಒಬ್ಬ ಇದ್ದಾನೆ. ಸಾವಿರಲಿ, ಗಣಪತಿ ಚಂದಾ ಇರಲಿ, ಅವನು ಬರುವವರೆಗೆ ಏನೂ ಶುರುವಾಗುವುದಿಲ್ಲ. ಧೈರ್ಯಸ್ಥ ಅಂತ ಊರಿಗೆಲ್ಲ ಗೊತ್ತಿರುವ ಮನುಷ್ಯನೂ ಒಳಗೊಳಗೇ ಹೇಗೆ ಹೆದರುತ್ತಾನೆ ಅನ್ನುವುದನ್ನು ಅವರು ಮುಖದಲ್ಲೇ ತೋರಿಸುತ್ತಾರೆ. ಈ ತಂಡದ ಎಷ್ಟೋ ಜನ ಕರಾವಳಿಯ ನಾಟಕಗಳಲ್ಲಿ ಪಳಗಿದವರು. ಜನ ನಕ್ಕು ಮುಗಿಸುವವರೆಗೆ ಕಾಯುವುದು, ನಗು ಇಳಿಯುವ ಹೊತ್ತಿಗೆ ಇನ್ನೊಂದು ಬಿಡುವುದು, ಎರಡೂ ಅವರಿಗೆ ಗೊತ್ತು.

ಆಮೇಲೆ ಅದೇ ಸಿನಿಮಾವನ್ನು ಚಿಕ್ಕಮ್ಮ ಮನೆಯಲ್ಲಿ, ಮಧ್ಯಾಹ್ನ, ಅವರೆಕಾಳು ಹಿತುಕುತ್ತಾ ಒಬ್ಬರೇ ನೋಡಿದರು. "ಇದಕ್ಕಾ ನೀನು ಅಷ್ಟು ನಕ್ಕಿದ್ದು?" ಅಂದರು. ನಾನು ವಾದಕ್ಕೆ ಹೋಗಲಿಲ್ಲ. ನಾಲ್ಕುನೂರು ಜನರ ನಡುವೆ ಕೂತಾಗ ಪಕ್ಕದವರ ನಗು ನಮ್ಮದನ್ನೂ ಎಳೆದುಕೊಂಡು ಹೋಗುತ್ತದೆ. ಕುಕ್ಕರ್ ಸೀಟಿಯ ನಡುವೆ ಅದೇ ಜೋಕು ಬರೀ ಜೋಕಾಗಿ ಉಳಿಯುತ್ತದೆ. ಅದಕ್ಕೇ ನಾನು "ಥಿಯೇಟರಾ, ಮನೆಯಾ" ಅಂತ ಕೇಳುವುದು.

ನನಗೆ ಕಿರಿಕಿರಿ ಆದ ಜಾಗವೂ ಇದೆ. ಬಚ್ಚಲಿಗೆ ಇಣುಕಿದ್ದರಿಂದಲೇ ಇಷ್ಟೆಲ್ಲ ಶುರುವಾಗಿದ್ದು, ಆದರೆ ಆ ಇಣುಕಾಟವನ್ನು ಸಿನಿಮಾ ತಮಾಷೆ ಮಾಡಿ ದಾಟಿಬಿಡುತ್ತದೆ. ಕೊನೆಯ ಭಾಗದಲ್ಲಿ ಸುಲೋಚನಳ ಮಗಳು ಭಾನು ಬರುತ್ತಾಳೆ. ಅವಳ ಸಂಕಟ ನೋಡಿದಾಗ ಕಥೆ ತನ್ನ ಸಾಲ ತೀರಿಸಲು ನೋಡುತ್ತಿದೆ ಅನ್ನಿಸಿತು. ಬಡ್ಡಿ ತೀರಿತು, ಅಸಲು ಹಾಗೇ ಉಳಿಯಿತು. ಇಷ್ಟು ಹೇಳಿದ ಮೇಲೂ ಮನೆಮಂದಿ ಎಲ್ಲ ಸೇರಿ ನೋಡುವ ಸಿನಿಮಾ ಕೇಳಿದರೆ ಇದರ ಹೆಸರನ್ನೇ ಹೇಳುತ್ತೇನೆ.

'ಸಪ್ತ ಸಾಗರದಾಚೆ ಎಲ್ಲೋ' ಬಗ್ಗೆ ಕೇಳುವವರು ಮಾತ್ರ ಬೇರೆಯೇ ಜನ. ಬಹಳಷ್ಟು ಸಲ ಮದುವೆ ನಿಶ್ಚಯವಾದವರು. ಹೇಮಂತ್ ರಾವ್ ಇದನ್ನು ಕ್ಯಾಸೆಟ್ಟಿನ ಹಾಗೆ ಸೈಡ್ ಎ, ಸೈಡ್ ಬಿ ಅಂತ ಎರಡು ಭಾಗ ಮಾಡಿದ್ದಾರೆ. ಒಂದು 2023ರ ಸೆಪ್ಟೆಂಬರ್, ಇನ್ನೊಂದು ನವೆಂಬರ್. ಹೆಸರು ಅಡಿಗರ ಕವಿತೆಯದ್ದು. ಮನು ಡ್ರೈವರ್, ಪ್ರಿಯಾ ಹಾಡುಗಾರ್ತಿ. ಒಂದು ಸ್ವಂತ ಮನೆಯ ಆಸೆ. ಸಾಹುಕಾರನ ಮಗ ಮಾಡಿದ ಆಕ್ಸಿಡೆಂಟನ್ನು ದುಡ್ಡಿನ ಆಸೆಗೆ ಮನು ತನ್ನ ತಲೆ ಮೇಲೆ ಹಾಕಿಕೊಳ್ಳುತ್ತಾನೆ. ಆ ಜಾಗದಲ್ಲಿ "ಬೇಡ ಕಣೋ" ಅಂತ ಕೂಗಬೇಕು ಅನ್ನಿಸಿತು. ಸಿನಿಮಾ ನನ್ನನ್ನು ಹಿಡಿದಿದ್ದು ಅಲ್ಲಿಯೇ. ಪ್ರಿಯಾ ಆಗಿರುವ ರುಕ್ಮಿಣಿ ವಸಂತ್ ಜೈಲಿನ ಭೇಟಿಗಳಲ್ಲಿ ಮಾತಿಗಿಂತ ಕಣ್ಣಲ್ಲೇ ಜಾಸ್ತಿ ಹೇಳುತ್ತಾರೆ. ಸೈಡ್ ಬಿ ಹತ್ತು ವರ್ಷ ಮುಂದೆ ಹೋಗುತ್ತದೆ. ಮನು ಅವಳಿಗೆ ಗೊತ್ತಾಗದ ಹಾಗೆ ಅವಳ ಬದುಕಿನ ಸುತ್ತ ಸುತ್ತುತ್ತಾನೆ. ಇದನ್ನು ತ್ಯಾಗ ಅಂತ ನೋಡಿದವರಿದ್ದಾರೆ. ನನಗೆ ಹೆದರಿಕೆ ಆಯಿತು. ಒಬ್ಬ ಗಂಡಸು ಹೀಗೆ ನನ್ನ ಮನೆಯ ಸುತ್ತ ಸುತ್ತಿದರೆ ಚರಣ್ ರಾಜ್ ಸಂಗೀತ ಹಿಂದೆ ಬರುವುದಿಲ್ಲ ತಾನೇ? ಚೈತ್ರಾ ಆಚಾರ್ ಮಾಡಿದ ಸುರಭಿ ಪಾತ್ರ ಇಲ್ಲದಿದ್ದರೆ ಆ ಭಾಗ ನನ್ನ ಕೈಯಲ್ಲಿ ಪೂರ್ತಿ ನೋಡಲು ಆಗುತ್ತಿರಲಿಲ್ಲ. ಹಾಗಾಗಿ ನಿಶ್ಚಯವಾದ ಜೋಡಿಗೆ ಸೈಡ್ ಎ ನೋಡಿ ಅಂತ ಹೇಳುತ್ತೇನೆ. ಬಿ ನೋಡಿ ಜಗಳ ಬಂದರೆ ನಾನು ಜವಾಬ್ದಾರಳಲ್ಲ.

"ಕನ್ನಡದಲ್ಲಿ ಒಳ್ಳೆ ಸಿನಿಮಾ ಎಲ್ಲಿ ಬರ್ತವೆ, ಮಲಯಾಳಂ ನೋಡ್ಬೇಕು" ಅನ್ನುವವರೂ ಪಂಕ್ತಿಯಲ್ಲಿ ಒಬ್ಬರು ಇದ್ದೇ ಇರುತ್ತಾರೆ. ಬರುತ್ತವೆ ಸ್ವಾಮಿ. ನಾವು ಟಿಕೆಟ್ ಬುಕ್ ಮಾಡೋಣ ಅನ್ನುವಷ್ಟರಲ್ಲಿ ಹೋಗಿಬಿಡುತ್ತವೆ. 2024ರ ಮಾರ್ಚ್‌ನಲ್ಲಿ ಬಂದ 'ಬ್ಲಿಂಕ್' ನೋಡಿ. ಕಣ್ಣು ಮಿಟುಕಿಸದೆ ಇರುವಷ್ಟು ಹೊತ್ತು ಮಾತ್ರ ಕಾಲದಲ್ಲಿ ಓಡಾಡಬಹುದು ಅನ್ನುವ ಐಡಿಯಾ ಒಂದೇ ಸಾಕು, ನಾನೂ ಸೀಟಲ್ಲಿ ಕಣ್ಣು ಬಿಟ್ಟುಕೊಂಡು ಕೂತಿದ್ದೆ. ನಡುವೆ ಲೆಕ್ಕ ತಪ್ಪುತ್ತದೆ, ಯಾವ ವರ್ಷ, ಯಾರ ಮಗ ಅಂತ. ಒಬ್ಬರೇ ನೋಡಬೇಡಿ, ನಡುವೆ ನಿಲ್ಲಿಸಿ "ಈಗ ಏನಾಯ್ತು" ಅಂತ ಕೇಳಲು ಪಕ್ಕದಲ್ಲಿ ಯಾರಾದರೂ ಬೇಕು.

'ಶಿವಮ್ಮ' ಹಾಗಲ್ಲ. ಅದನ್ನು ಒಬ್ಬರೇ ನೋಡಿ. ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದಲ್ಲಿ ತೆಗೆದ ಸಿನಿಮಾ, ಅದೇ ಊರಿನವರೇ ನಟಿಸಿದ್ದಾರೆ. ನಿರ್ದೇಶನ ಜೈಶಂಕರ್ ಆರ್ಯರ್. 2022ರಲ್ಲಿ ದಕ್ಷಿಣ ಕೊರಿಯಾದ ಬುಸಾನ್ ಚಿತ್ರೋತ್ಸವದಲ್ಲಿ ಬಹುಮಾನ ಬಂತು, ನಮ್ಮ ಥಿಯೇಟರ್‌ಗೆ ಬಂದದ್ದು 2024ರ ಜೂನ್‌ನಲ್ಲಿ. ಶಿವಮ್ಮ ಶಾಲೆಯಲ್ಲಿ ಅಡುಗೆ ಮಾಡುವವಳು. ಗಂಡ ಕಾಯಿಲೆ ಮನುಷ್ಯ. ಮಗಳ ಮದುವೆಗೆ ಇಟ್ಟ ದುಡ್ಡನ್ನು ಶಕ್ತಿ ಬರುವ ಪಾನೀಯ ಮಾರುವ ಒಂದು ಚೈನ್ ಬಿಸಿನೆಸ್‌ಗೆ ಹಾಕುತ್ತಾಳೆ. "ನೀವೂ ಸೇರ್ರಿ" ಅಂತ ಮನೆ ಮನೆ ತಿರುಗುತ್ತಾಳೆ. ಇಂಥ ಒಬ್ಬರು ಯಾರ ನೆಂಟರಲ್ಲಿ ಇಲ್ಲ ಹೇಳಿ? ನಮ್ಮಲ್ಲೂ ಇದ್ದಾರೆ. ಅವರ ಫೋನ್ ಬಂದರೆ ಎತ್ತಬೇಕೋ ಬೇಡವೋ ಅಂತ ಮನೆಯಲ್ಲಿ ಚರ್ಚೆ ನಡೆಯುತ್ತದೆ. ಈ ಸಿನಿಮಾ ಆ ಫೋನಿನ ಇನ್ನೊಂದು ತುದಿಯನ್ನು ತೋರಿಸುತ್ತದೆ. ಶಿವಮ್ಮನನ್ನು ಪೆದ್ದಿ ಅಂತ ನಗಾಡುವುದಿಲ್ಲ, ಅಯ್ಯೋ ಪಾಪ ಅಂತಲೂ ಅನ್ನುವುದಿಲ್ಲ. ಅವಳು ಹಟಮಾರಿ, ಅಷ್ಟೇ. ಶರಣಮ್ಮ ಚೆಟ್ಟಿ ಆ ಹಟವನ್ನು ನಡಿಗೆಯಲ್ಲೇ ತಂದಿದ್ದಾರೆ. ದೊಡ್ಡ ತಿರುವು, ಇಂಟರ್‌ವಲ್ ಬ್ಲಾಕ್, ಯಾವುದೂ ಇಲ್ಲ. ಕ್ಯಾಮೆರಾ ಅವಳ ಹಿಂದೆ ಹೋಗುತ್ತಾ ಇರುತ್ತದೆ. ಅದು ಬೋರು ಅನ್ನಿಸಿದರೆ ನಿಮ್ಮನ್ನು ಬೈಯುವುದಿಲ್ಲ, ದಣಿದು ಬಂದ ಶನಿವಾರ ರಾತ್ರಿ ಇದನ್ನು ಹಾಕಬೇಡಿ ಅಂತ ಮೊದಲೇ ಹೇಳಿರುತ್ತೇನೆ.

ನನ್ನ ಪಕ್ಷಪಾತವನ್ನೂ ತಿಳಿದುಕೊಂಡಿರಿ. ಊರಿನ ಮಾತು ಊರಿನವರ ಬಾಯಲ್ಲಿ ಸರಿಯಾಗಿ ಬಂದರೆ ಕಥೆ ಸ್ವಲ್ಪ ಸಡಿಲವಿದ್ದರೂ ಒಪ್ಪಿಕೊಳ್ಳುತ್ತೇನೆ. ಹೀರೋ ಕಾರಿನ ಬಾಗಿಲು ತೆಗೆದದ್ದಕ್ಕೂ ಡ್ರಮ್ ಬಾರಿಸುವ ಸಿನಿಮಾಗಳಲ್ಲಿ ನನಗೆ ತಲೆನೋವು ಬರುತ್ತದೆ. ಹಾಗಾಗಿ ದೊಡ್ಡ ಮಾಸ್ ಸಿನಿಮಾ ಬಗ್ಗೆ ನನ್ನನ್ನು ಕೇಳಬೇಡಿ. ನನ್ನ ತಮ್ಮನನ್ನು ಕೇಳಿ, ಅವನು ಎದ್ದು ನಿಂತು ಶಿಳ್ಳೆ ಹೊಡೆಯುವ ಪಾರ್ಟಿ.

ಹೋದ ವಾರ ಆಫೀಸಿನ ಗೆಳೆಯರೊಬ್ಬರು 'ತಿಥಿ' ಕೇಳಿದರು. ರಾಮ್ ರೆಡ್ಡಿ ನಿರ್ದೇಶನದ ಸಿನಿಮಾ. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಬಹುಮಾನ ಗೆದ್ದು, ಮುಂದಿನ ವರ್ಷ ಇಲ್ಲಿ ಬಿಡುಗಡೆಯಾಯಿತು. ಮಂಡ್ಯ ಕಡೆಯ ನೊದೆಕೊಪ್ಪಲಿನಲ್ಲಿ ತೆಗೆದದ್ದು. ನಾನು ಆಗಾಗ ಹಾಕಿಕೊಂಡು ನೋಡುತ್ತೇನೆ. ಶುರುವಿನಲ್ಲೇ ನೂರೊಂದು ವರ್ಷದ ಸೆಂಚುರಿ ಗೌಡ ರಸ್ತೆ ಬದಿಯಲ್ಲಿ ಕೂತು ಹೋಗುವವರು ಬರುವವರನ್ನೆಲ್ಲ ಬಾಯಿಗೆ ಬಂದ ಹಾಗೆ ಬೈಯುತ್ತಾನೆ. ಆಮೇಲೆ ಎದ್ದು ಉಚ್ಚೆ ಹೊಯ್ಯಲು ಹೋಗಿ ಅಲ್ಲೇ ಬಿದ್ದು ಸಾಯುತ್ತಾನೆ. ಮಗ ಗಡ್ಡಪ್ಪನಿಗೆ ಅದರ ಚಿಂತೆಯೇ ಇಲ್ಲ, ಅವನ ಜೇಬಲ್ಲಿ ಬ್ರಾಂದಿ ಇದೆ. ಮೊಮ್ಮಗ ತಮ್ಮಣ್ಣನಿಗೆ ಜಮೀನಿನದ್ದೇ ಚಿಂತೆ. ಆಸ್ತಿಗೋಸ್ಕರ ಬದುಕಿರುವ ಅಪ್ಪನ ಸಾವಿನ ಸರ್ಟಿಫಿಕೇಟ್ ಮಾಡಿಸಲು ಓಡಾಡುತ್ತಾನೆ.

"ಸರಿ, ಈ ಭಾನುವಾರ ಮಾವ ಬರ್ತಾರೆ. ಅವರೂ ಮಂಡ್ಯದವರೇ, ಖುಷಿಪಡ್ತಾರೆ. ಅವರ ಜೊತೆ ನೋಡ್ತೀನಿ" ಅಂದರು ಗೆಳೆಯರು.

"ಜಮೀನು ಭಾಗ ಆಗಿದೆಯಾ?" ಅಂತ ಕೇಳಿದೆ.

"ಇಲ್ಲ, ಕೋರ್ಟಲ್ಲಿದೆ."

ಹಾಗಿದ್ದರೆ ಮೊದಲು ಒಬ್ಬರೇ ನೋಡಿ ಅಂತ ಹೇಳಿದ್ದೇನೆ.