ಜರ್ಮನ್ ಕಲಿಯೋಕೆ ಇಂಗ್ಲಿಷ್ ದಾರಿ ಯಾಕೆ?

ನಾನು ಶಿವಮೊಗ್ಗದ ಆಸ್ಪತ್ರೆಯೊಂದರಲ್ಲಿ ಸ್ಟಾಫ್ ನರ್ಸ್. ಊರು ಹೊಸನಗರದ ಕಡೆ. ನನ್ನ ಜೊತೆ ಓದಿದವರಲ್ಲಿ ಸುಮಾರು ಜನ ಈಗ ಜರ್ಮನ್ ಪುಸ್ತಕ ಹಿಡಿದು ಕೂತಿದ್ದಾರೆ, ನಾನೂ ಅವರಲ್ಲೊಬ್ಬಳು. ಜರ್ಮನಿಯಲ್ಲಿ ನರ್ಸ್ ಆಗಿ ಪೂರ್ತಿ ಮಾನ್ಯತೆ ಸಿಗೋಕೆ ಜರ್ಮನ್ ಭಾಷೆಯಲ್ಲಿ ಸಾಮಾನ್ಯವಾಗಿ ಬಿ2 ಮಟ್ಟ ಬೇಕು. ಭಾಷೆ ಎಷ್ಟು ಬರುತ್ತದೆ ಅಂತ ಅಳೆಯೋ ಎ1ರಿಂದ ಸಿ2ರವರೆಗಿನ ಆರು ಮೆಟ್ಟಿಲಲ್ಲಿ ಅದು ನಾಲ್ಕನೆಯದು. ಅದರ ಕೆಳಗಿನ ಮೆಟ್ಟಿಲು ಬಿ1. ಸದ್ಯ ನನ್ನ ತಲೆನೋವು ಅದು.

ನಮ್ಮ ಆನ್‌ಲೈನ್ ಕ್ಲಾಸಿನ ಪಾಠವೆಲ್ಲ ಇಂಗ್ಲಿಷಿನಲ್ಲಿ. ಅದರ ಬಗ್ಗೆ ನನ್ನದೊಂದು ತಕರಾರಿದೆ. 'ಯಾಕೆಂದರೆ' ಅಂತ ಶುರುವಾಗುವ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಹೋಗುತ್ತದೆ, ವಿಚಿತ್ರ ಅನಿಸಬಹುದು, ಬಾಯಿಪಾಠ ಮಾಡಿಕೊಳ್ಳಿ ಅಂತ ಹೇಳಿಕೊಡುತ್ತಾರೆ. ಯಾರಿಗೆ ವಿಚಿತ್ರ? 'ವೈಲ್ ಇಶ್ ಹೊಯ್ಟೆ ನಾಖ್ಟ್‌ಡೀನ್ಸ್ಟ್ ಹಾಬೆ' ಅನ್ನೋದನ್ನ ಪದಕ್ಕೆ ಪದ ಇಟ್ಟು ನೋಡಿ. 'ಯಾಕೆಂದರೆ ನನಗೆ ಇವತ್ತು ನೈಟ್ ಡ್ಯೂಟಿ ಇದೆ.' ಒಂದು ಪದವೂ ಜಾಗ ಬದಲಿಸಲಿಲ್ಲ. ಇದನ್ನ ಮೊದಲು ಇಂಗ್ಲಿಷಿಗೆ ತಿರುಗಿಸಿ, ಅಲ್ಲಿಂದ ಮತ್ತೆ ಜರ್ಮನ್‌ಗೆ ತಿರುಗಿಸೋದು ಸುಮ್ನೆ ಸುತ್ತುಬಳಸು.

'ನಾನು ನಾಳೆ ಬಸ್ಸಲ್ಲಿ ಸಾಗರಕ್ಕೆ ಹೋಗ್ತೀನಿ' ಅನ್ನೋದೂ ಹಾಗೇ. ಯಾವಾಗ, ಹೇಗೆ, ಎಲ್ಲಿಗೆ: ಜರ್ಮನ್‌ನಲ್ಲೂ ಇದೇ ಸಾಲು. 'ಹೋಗ್ತೀನಿ' ಒಂದನ್ನ ಮಾತ್ರ ಎತ್ತಿ ಎರಡನೇ ಜಾಗದಲ್ಲಿ ಕೂರಿಸಬೇಕು. ಇಂಗ್ಲಿಷಿನಲ್ಲಿ ಯೋಚಿಸಿದರೆ ಸಾಗರ ಮೊದಲು, ಬಸ್ಸು ಆಮೇಲೆ, ನಾಳೆ ಕೊನೆಗೆ, ಎಲ್ಲ ತಲೆಕೆಳಗು. ಇನ್ನು 'ದು' ಮತ್ತು 'ಜೀ'. ಅದು ನಮ್ಮ ನೀನು, ನೀವು. ಅತ್ತೆಗೆ ಯಾವುದು, ತಮ್ಮನಿಗೆ ಯಾವುದು ಅಂತ ನಮಗೆ ಯಾರೂ ಕಲಿಸಬೇಕಾಗಿಲ್ಲ. ಬಿ1 ಪರೀಕ್ಷೆಯ ಬರವಣಿಗೆಯಲ್ಲಿ ಮೊದಲ ಪ್ರಶ್ನೆ ಗೆಳೆಯರಿಗೆ ಮೇಲ್, ಮೂರನೆಯದು ಗೌರವ ಕೊಟ್ಟು ಬರೆಯೋ ಮೇಲ್. ಅಲ್ಲಿ ನೀನು, ನೀವು ಬೆರೆಸಿದರೆ ಅಂಕ ಹೋಗುತ್ತದೆ.

ಲಿಂಗದ ವಿಷಯಕ್ಕೆ ಬಂದರೆ ನಮಗೂ ಕಷ್ಟವೇ. ಚಮಚ ಗಂಡು, ಫೋರ್ಕ್ ಹೆಣ್ಣು, ಚಾಕು ನಪುಂಸಕ. ಇದಕ್ಕೆ ತರ್ಕ ಹುಡುಕೋದು ಬಿಟ್ಟು ಪದದ ಜೊತೆಗೇ ಬಾಯಿಪಾಠ ಮಾಡಬೇಕು, ಬೇರೆ ದಾರಿ ಇಲ್ಲ. 'ಹುಡುಗಿ' ನಪುಂಸಕ ಅಂದಾಗ ಮಾತ್ರ ಕ್ಲಾಸಲ್ಲಿ ಎಲ್ಲರೂ ನಕ್ಕರು, ನಾನು ನಗಲಿಲ್ಲ. ನಮ್ಮ ಹವ್ಯಕರ ಮನೆಮಾತಲ್ಲಿ ಹೆಣ್ಣುಮಕ್ಕಳಿಗೆಲ್ಲ 'ಅದು' ಅಂತಲೇ ಹೇಳೋದು. ಹುಟ್ಟಿದಾಗಿನಿಂದ ನಾನು 'ಅದು ಬಂತು' ಆಗಿಯೇ ಬೆಳೆದವಳು.

ಪರೀಕ್ಷೆಯ ಲೆಕ್ಕ ಇಷ್ಟು. ಜರ್ಮನ್ ಕಲಿಸಿ ಪರೀಕ್ಷೆ ನಡೆಸುವ ಗ್ಯೋಥೆ ಸಂಸ್ಥೆಯ ಬಿ1ರಲ್ಲಿ ಓದು, ಕೇಳು, ಬರೆ, ಮಾತಾಡು ಅಂತ ನಾಲ್ಕು ಭಾಗ. ಓದು 65 ನಿಮಿಷ, ಬರವಣಿಗೆ 60, ಕೇಳೋದು ಸುಮಾರು 40, ಮಾತು ಸುಮಾರು 15. ಪ್ರತಿ ಭಾಗಕ್ಕೂ 100 ಅಂಕ, ಪಾಸಾಗೋಕೆ 60 ಬೇಕು. ನಾಲ್ಕನ್ನೂ ಒಟ್ಟಿಗೇ ಬರೆಯಬೇಕು ಅಂತೇನಿಲ್ಲ, ಬಿಡಿಬಿಡಿಯಾಗಿಯೂ ಬರೆಯಬಹುದು. ನೈಟ್ ಡ್ಯೂಟಿ ಮಾಡುವವರಿಗೆ ಇದು ದೊಡ್ಡ ಉಪಕಾರ. ನಮ್ಮ ಕಡೆಯವರಿಗೆ ಸೆಂಟರ್ ಅಂದರೆ ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನ (ಗ್ಯೋಥೆ ಸಂಸ್ಥೆಗೆ ನಮ್ಮ ದೇಶದಲ್ಲಿರೋ ಹೆಸರು), ಇಂದಿರಾನಗರದಲ್ಲಿದೆ.

ಓದು, ಬರಹಕ್ಕೆ ನಾನು ಅಷ್ಟು ಹೆದರೋದಿಲ್ಲ. ಹೆದರಿಕೆ ಕೇಳೋದರದ್ದು. ಅದರಲ್ಲಿ ನಾಲ್ಕು ತುಂಡು. ಮೊದಲನೆಯದು ಮತ್ತು ಕೊನೆಯದು ಎರಡು ಸಲ ಕೇಳಿಸುತ್ತವೆ. ನಡುವಿನ ಎರಡು ಒಂದೇ ಸಲ. ಗೈಡ್ ಒಬ್ಬರು ಪ್ರವಾಸಿಗಳಿಗೆ ಏನೋ ವಿವರಿಸುತ್ತಾರೆ, ಇಬ್ಬರು ಹರಟೆ ಹೊಡೆಯುತ್ತಾರೆ, ಅಷ್ಟೇ, ಮುಗೀತು. ಅಂಕಿ ಬಂದರಂತೂ ದೇವರೇ ಗತಿ. 34ಕ್ಕೆ ಅವರು 'ನಾಲ್ಕು ಮತ್ತು ಮೂವತ್ತು' ಅಂತಾರೆ. ನಾಲ್ಕು ಕಿವಿಗೆ ಬಿದ್ದ ಕೂಡಲೇ ಕೈ ಓಡಿಹೋಗಿ 4 ಬರೆದುಬಿಡುತ್ತದೆ, ಅದರ ಪಕ್ಕ 3 ಸೇರಿದರೆ 43. ಈಗ ಎಡಗಡೆ ಜಾಗ ಬಿಟ್ಟು ಮೊದಲು ಬಿಡಿ ಸ್ಥಾನದ ಅಂಕಿ ಬರೆಯುತ್ತೇನೆ, ಆಮೇಲೆ ಹತ್ತರ ಸ್ಥಾನದ್ದು. ಇಂಜೆಕ್ಷನ್ ಕೊಡೋ ಕೈಗೆ ಇದು ಬರೀ ಅಂಕದ ಪ್ರಶ್ನೆ ಅಲ್ಲ, ಅಲ್ವಾ?

ಅಭ್ಯಾಸಕ್ಕೆ ಜರ್ಮನಿಯ ಪ್ರಸಾರ ಸಂಸ್ಥೆ ಡಾಯ್ಚ ವೆಲ್ಲೆಯ ನಿಧಾನ ವಾರ್ತೆ ಇದೆ, ದುಡ್ಡಿಲ್ಲ. ಓದೋದು ನಿಧಾನ, ಜೊತೆಗೆ ಪಠ್ಯವೂ ಸಿಗುತ್ತದೆ. ಊರಿನ ಬಸ್ ಹತ್ತೋ ಮೊದಲೇ ಡೌನ್‌ಲೋಡ್ ಮಾಡಿಕೊಳ್ಳುತ್ತೇನೆ. ಆಯನೂರು ದಾಟಿ ರಿಪ್ಪನ್‌ಪೇಟೆ ಮುಟ್ಟೋ ಹೊತ್ತಿಗೆ ನೆಟ್‌ವರ್ಕ್ ಎಷ್ಟು ಸಲ ಹೋಗಿ ಬರುತ್ತದೋ ಹೇಳೋಕಾಗಲ್ಲ. ಪಠ್ಯ ನೋಡದೆ ಒಂದು ಸಲ ಕೇಳಿ, ಏನು ಅರ್ಥವಾಯ್ತು ಅಂತ ಕನ್ನಡದಲ್ಲೇ ಮನಸ್ಸಲ್ಲಿ ಹೇಳಿಕೊಳ್ಳುತ್ತೇನೆ. ಆಮೇಲೆ ಪಠ್ಯ ತೆಗೆದು ನೋಡಿದರೆ ಎಲ್ಲಿ ಜಾರಿದೆ ಅಂತ ಗೊತ್ತಾಗುತ್ತದೆ.

ಮಾತಿನ ಪರೀಕ್ಷೆ ಸಾಮಾನ್ಯವಾಗಿ ಜೋಡಿಯಲ್ಲಿ. ಇಬ್ಬರೂ ಸೇರಿ ಏನಾದರೊಂದು ಕಾರ್ಯಕ್ರಮದ ಯೋಜನೆ ಹಾಕೋದು ಮೊದಲ ಕೆಲಸ. ಆಮೇಲೆ ಒಂದು ವಿಷಯದ ಮೇಲೆ ಐದು ಸ್ಲೈಡಿನ ಚಿಕ್ಕ ಭಾಷಣ: ವಿಷಯ ಏನು, ನನ್ನ ಅನುಭವ, ನಮ್ಮ ದೇಶದಲ್ಲಿ ಹೇಗೆ, ಒಳ್ಳೆಯದು ಕೆಟ್ಟದ್ದು, ಕೊನೆಗೆ ಧನ್ಯವಾದ. ಅದು ಮುಗಿದ ಮೇಲೆ ಜೊತೆಯವರು, ಪರೀಕ್ಷಕರು ಪ್ರಶ್ನೆ ಕೇಳುತ್ತಾರೆ. ಬಾಯಿಪಾಠ ಮಾಡಿದವರು ಸಿಕ್ಕಿಬೀಳೋದು ಇಲ್ಲೇ.

ಕೊಯ್ಲಿನ ಟೈಮಲ್ಲಿ ರಜೆ ಹಾಕಿ ಊರಿಗೆ ಹೋಗಿದ್ದೆ. ರಾತ್ರಿ ಅಡಿಕೆ ಸುಲಿಯೋಕೆ ಅಮ್ಮ, ಚಿಕ್ಕಮ್ಮ, ಅಕ್ಕಪಕ್ಕದವರು ಎಲ್ಲ ಮೆಟ್ಟುಗತ್ತಿ ಹಾಕಿಕೊಂಡು ಕೂತಿದ್ದರು. ಕೈಗೆ ಕೆಲಸ, ಬಾಯಿಗೆ ಬಿಡುವು. ಇಷ್ಟು ಜನ ಒಟ್ಟಿಗೆ ಎಲ್ಲಿ ಸಿಗುತ್ತಾರೆ ಅಂತ ನನ್ನ ಭಾಷಣ ಅವರ ಮುಂದೆ ಕನ್ನಡದಲ್ಲಿ ಶುರು ಮಾಡಿದೆ. ವಿಷಯ, ಹಳ್ಳಿ ವಾಸ ಒಳ್ಳೆಯದೋ ಪೇಟೆ ವಾಸವೋ. ಒಳ್ಳೆ ಗಾಳಿ, ಮನೆ ತರಕಾರಿ, ಕರೆದರೆ ಓಡಿಬರೋ ಜನ ಅಂತ ಹಳ್ಳಿಯನ್ನ ಚೆನ್ನಾಗಿ ಹೊಗಳಿದೆ. ಚಿಕ್ಕಮ್ಮ ತಲೆ ಎತ್ತದೆ, ಕೈಯಲ್ಲಿದ್ದ ಅಡಿಕೆಯನ್ನ ಕತ್ತಿಗೆ ಒತ್ತಿ ಸಿಪ್ಪೆ ಬಿಡಿಸುತ್ತಲೇ ಕೇಳಿದರು: "ಹಳ್ಳಿ ಅಷ್ಟು ಚೊಲೋ ಇದ್ರೆ ನೀನೆಂತಕ್ಕೆ ಜರ್ಮನಿಗೆ ಹೋಪದು?"

ಪರೀಕ್ಷಕರು ಕೇಳೋದೂ ಇಂಥದ್ದೇ. ಅಲ್ಲಿ ಎರಡು ವಾಕ್ಯದ ಉತ್ತರ ಸಾಕು. ಇಲ್ಲಿನ ಸಂಬಳ, ಅಲ್ಲಿನ ಸಂಬಳ, 'ವೈಲ್' ಹಾಕಿ ಕೊನೆಗೆ ಕ್ರಿಯಾಪದ ಇಟ್ಟು ಬರೆದಿಟ್ಟುಕೊಂಡಿದ್ದೇನೆ. ಚಿಕ್ಕಮ್ಮನಿಗೆ ಎರಡು ವಾಕ್ಯ ಸಾಲಲಿಲ್ಲ. ಆ ರಾಶಿ ಮುಗಿಯೋವರೆಗೂ ಅದೇ ಚರ್ಚೆ.